ವಸಡನ್ನು ತಿದ್ದುವ ವಿದ್ಯೆ



ಹಲ್ಲನ್ನು ಹೊಗಳದ ಕವಿಯಿಲ್ಲ. ದಾಳಿಂಬೆಯ ಬೀಜವೆಂದೂ ಮಲ್ಲಿಗೆಯ ಮೊಗ್ಗೆಂದೂ ಮುತ್ತಿನ ಸಾಲೆಂದೂ ಅದಕ್ಕೆ ಸಂದಿರುವ ಉಪಮಾನಗಳನ್ನು ಎಣಿಸುತ್ತ ಹೋದರೆ ನಮಗೆ ಇಂದು ಒದಗಿರುವ ಹೊತ್ತು ಅದಕ್ಕೇ ಸಾಲದು. ಆದರೆ ಆ ಮುತ್ತುಗಳನ್ನು ಹಿಡಿದು ನಿಲ್ಲಿಸಿರುವ ವಸಡನ್ನು ಯಾರೂ ಅಷ್ಟಾಗಿ ನೆನೆದಂತೆ ಕಾಣುವುದಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ಕಡಲೆ ಬಂದ ವಯಸ್ಸಿನಲ್ಲಿ ಹಲ್ಲು ಏಕೆ ಹೋಯಿತೆಂದು ವಿಚಾರಿಸುವವರು ಕಡಮೆ. ಎಷ್ಟೋ ಬಾಯಿಗಳಲ್ಲಿ ಹಲ್ಲು ಹುಳುಕಾಗದೆ, ಬೆಣಚುಕಲ್ಲಿನಂತೆ ಗಟ್ಟಿಯಾಗಿದ್ದುಕೊಂಡೇ ಅಲುಗಾಡಿ ಬಿದ್ದುಹೋಗುತ್ತದೆ. ಬೇಲಿಯ ಗೂಟ ಗಟ್ಟಿಯಾಗಿದ್ದರೂ ನೆಲ ಸಡಿಲವಾದರೆ ಬೀಳುವುದಷ್ಟೆ.

ಆ ನೆಲವನ್ನು ಕುರಿತು, ಅದರಲ್ಲಿಯೂ ವಸಡಿನ ಆಕಾರ ಕೆಟ್ಟಾಗ ಶಸ್ತ್ರದಿಂದ ಅದನ್ನು ತಿದ್ದುವ ಕ್ರಮವನ್ನು ಕುರಿತು, ಈ ಹೊತ್ತು ನಾವು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಈ ಶಸ್ತ್ರಕ್ರಿಯೆಯನ್ನು ಕೆಲವರು ಅಗಿಯುವ ಅನುಕೂಲಕ್ಕಾಗಿ ಮಾಡಿಸಿಕೊಳ್ಳುತ್ತಾರೆ. ಕೆಲವರು ನಗೆಯ ಅಂದಕ್ಕಾಗಿ ಮಾಡಿಸಿಕೊಳ್ಳುತ್ತಾರೆ. ಎರಡರಲ್ಲಿಯೂ ತಪ್ಪಿಲ್ಲ. ಆದರೆ ಕತ್ತರಿಸಿದ್ದನ್ನು ಮರಳಿ ಅಂಟಿಸುವುದು ಸುಲಭವಲ್ಲವಾದ್ದರಿಂದ, ಯಾವಾಗ ಕತ್ತರಿಸಬೇಕು, ಯಾವಾಗ ಕೂಡದು ಎಂಬುದನ್ನು ರೋಗಿಯೂ ತಕ್ಕಮಟ್ಟಿಗೆ ತಿಳಿದಿರುವುದು ಲೇಸು.

ವಸಡು ಹಲ್ಲಿನ ಬುಡಕ್ಕೆ ಸುಮ್ಮನೆ ಒರಗಿಕೊಂಡಿರುವ ಮಾಂಸವೆಂದು ಮೇಲುನೋಟಕ್ಕೆ ತೋರಬಹುದು. ಹಾಗಲ್ಲ. ಅದರ ಅಂಚು ಮಾತ್ರ ಹಲ್ಲಿಗೆ ಅಂಟದೆ ಬಿಡಿಯಾಗಿರುತ್ತದೆ. ಅಂಚಿಗೂ ಹಲ್ಲಿಗೂ ನಡುವೆ ಒಂದು ಕಿರಿಯ ಕಂದಕವುಂಟು. ಕಂದಕದ ತಳದಲ್ಲಿ ವಸಡಿನ ತೆಳುವಾದ ಮೇಲ್ಪೊರೆ ಹಲ್ಲಿಗೆ ಅಂಟಿಕೊಂಡಿರುತ್ತದೆ. ಅದರ ಕೆಳಗೆ ಸಣ್ಣ ನಾರುಗಳು ಹಲ್ಲಿನ ಬೇರನ್ನು ಹೊಕ್ಕು ಹೊಲಿದಂತೆ ಹಿಡಿದಿರುತ್ತವೆ. ಅದಕ್ಕೂ ಕೆಳಗೆ ಎಲುಬು. ೧೯೬೧ರಲ್ಲಿ ಗಾರ್ಜುಲೋ, ವೆಂಟ್ಸ್, ಒರ್ಬಾನ್ ಎಂಬ ಮೂವರು ವಿದ್ವಾಂಸರು ಸತ್ತವರ ದವಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, ಕಂದಕದ ಆಳ ಸರಾಸರಿ ೦.೬೯ ಮಿಲ್ಲಿಮೀಟರ್, ಮೇಲ್ಪೊರೆಯ ಅಂಟು ೦.೯೭, ನಾರಿನ ಹೊಲಿಗೆ ೧.೦೭ ಎಂದು ಪ್ರಕಟಿಸಿದರು. ಕಡೆಯ ಎರಡನ್ನು ಕೂಡಿಸಿದರೆ ೨.೦೪ ಮಿಲ್ಲಿಮೀಟರ್ ಆಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ, ಹಲ್ಲಿನಿಂದ ಹಲ್ಲಿಗೆ ಇದು ಹೆಚ್ಚುಕಡಮೆಯಾಗುವುದಾದರೂ, ಎಲುಬಿನ ಮೇಲೆ ಸುಮಾರು ಎರಡು ಮಿಲ್ಲಿಮೀಟರಿನಷ್ಟು ಪಟ್ಟಿಯನ್ನು ದೇಹವು ತನ್ನದೆಂದು ಕಾಯ್ದಿಟ್ಟುಕೊಳ್ಳುತ್ತದೆಂಬುದು ಇದರಿಂದ ತಿಳಿದುಬಂದಿತು. ಎಳ್ಳಿನ ಕಾಳಿನಷ್ಟಿರುವ ಈ ಅಗಲದ ಮೇಲೆ ನಾವು ಮುಂದೆ ಹೇಳುವುದೆಲ್ಲವೂ ನಿಂತಿದೆ. ಇದನ್ನು ಅತಿಕ್ರಮಿಸಿ ಹಲ್ಲಿಗೆ ಟೊಪ್ಪಿ ತೊಡಿಸಿದರೆ ವಸಡು ಸದಾ ಕೆಂಪೇರಿ ಊದಿಕೊಂಡಿರುತ್ತದೆ, ಇಲ್ಲವೇ ಎಲುಬೇ ಕರಗಿ ಹಿಂದೆ ಸರಿದು ತನ್ನ ಎರಡು ಮಿಲ್ಲಿಮೀಟರನ್ನು ಮತ್ತೆ ಸಂಪಾದಿಸಿಕೊಳ್ಳುತ್ತದೆ.

ಸ್ವಸ್ಥವಾದ ವಸಡಿನ ಅಂಚು ಚೂಪಾಗಿ, ಹಲ್ಲಿನಿಂದ ಹಲ್ಲಿಗೆ ಕಮಾನು ಕಮಾನಾಗಿ ಸಾಗಿ, ಹಲ್ಲುಗಳ ಸಂದಿಯಲ್ಲಿ ಶಿಖರದಂತೆ ಏರಿ ನಿಂತಿರುತ್ತದೆ. ಅನೇಕರಲ್ಲಿ ಅದರ ಮೇಲೆ ಕಿತ್ತಿಳೆಯ ಸಿಪ್ಪೆಯ ಮೇಲಿರುವಂಥ ಸಣ್ಣ ಚುಕ್ಕೆಗಳಿರುತ್ತವೆ. ಈ ಆಕಾರ ಕೇವಲ ಶೋಭೆಗಾಗಿ ಬಂದುದಲ್ಲ. ಅಗಿಯುವಾಗ ಆಹಾರವು ಹಲ್ಲಿನ ಉಬ್ಬಿನ ಮೇಲಿಂದ ಜಾರಿ, ವಸಡಿನ ಇಳಿಜಾರಿನ ಮೇಲೆ ಹರಿದು ಹೋಗುವುದಕ್ಕೆ ಇದು ಅನುಕೂಲ. ಹಲ್ಲುಜ್ಜುವ ಕುಂಚವೂ ಎಲ್ಲ ಕಡೆಗೂ ಮುಟ್ಟುತ್ತದೆ. ಅಂಚು ದಪ್ಪಗಾಗಿ ದಿಂಡಿನಂತೆ ಉರುಟಾದರೆ ಆ ದಿಂಡಿನ ಹಿಂದೆ ಅನ್ನದ ಅಗುಳು ನಿಲ್ಲುತ್ತದೆ, ಕೊಳೆ ಕೂಡುತ್ತದೆ. ಕೊಳೆಯಿಂದ ಅಂಚು ಮತ್ತಷ್ಟು ಊದುತ್ತದೆ. ವಸಡಿನ ವಿಷಯದಲ್ಲಿ ಅಂದವೂ ಉಪಯೋಗವೂ ಬೇರೆಬೇರೆಯಾಗಿಲ್ಲವೆಂದು ನಾವು ಹೇಳುವುದು ಈ ಕಾರಣದಿಂದಲೇ.

ಬೆಳೆದ ವಸಡನ್ನು ಕೊಯ್ಯುವುದು ಹೊಸ ಸಂಗತಿಯಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಬಾಯಿಯ ೬೫ ರೋಗಗಳನ್ನು ಎಣಿಸಿ, ಅವುಗಳಲ್ಲಿ ೧೫ನ್ನು ಹಲ್ಲಿನ ಮೂಲಕ್ಕೆ ಸೇರಿಸಿದೆ. ಕಡೆಯ ದವಡೆಹಲ್ಲಿನ ಬಳಿಯಲ್ಲಿ ಊದಿ, ಬಹಳ ನೋವನ್ನುಂಟುಮಾಡಿ, ಜೊಲ್ಲು ಸುರಿಸುವ ಅಧಿಮಾಂಸವೆಂಬುದು ಅವುಗಳಲ್ಲೊಂದು. ಅದನ್ನು ಕತ್ತರಿಸಿ ತೆಗೆದು, ಬಜೆ ಮೊದಲಾದವುಗಳ ಚೂರ್ಣವನ್ನು ಜೇನಿನೊಡನೆ ಲೇಪಿಸಬೇಕೆಂದು ಚಿಕಿತ್ಸಾಸ್ಥಾನದಲ್ಲಿ ಹೇಳಿದೆ. ಬುದ್ಧಿಹಲ್ಲು ಅರ್ಧ ಹುಟ್ಟಿ ಅರ್ಧ ಮುಚ್ಚಿರುವಾಗ ಮೇಲೆ ಕವಿದ ವಸಡಿನ ಮಡಿಕೆಯನ್ನು ಇಂದಿಗೂ ನಾವು ಕೆಲವು ವೇಳೆ ಹೀಗೆಯೇ ಕತ್ತರಿಸುತ್ತೇವೆ. ಜೇನು ಮಾತ್ರ ಬಿಟ್ಟುಹೋಗಿದೆ.

ಇದಕ್ಕೆ ವಿರುದ್ಧವಾದ ಪಾಠವನ್ನು ಕಡಲಿನ ಚರಿತ್ರೆಯಿಂದ ಕಲಿಯಬಹುದು. ೧೪೯೮ರ ಜನವರಿಯಲ್ಲಿ ವಾಸ್ಕೋ ಡ ಗಾಮನ ಹಡಗುಗಳು ನಮ್ಮ ದೇಶಕ್ಕೆ ಬರುವ ದಾರಿಯಲ್ಲಿ ಆಫ್ರಿಕದ ಪೂರ್ವತೀರದಲ್ಲಿ ತಂಗಿದ್ದಾಗ, ನಾವಿಕರ ಕೈಕಾಲುಗಳು ಬಾತು, ವಸಡು ಹಲ್ಲಿನ ಮೇಲೆ ಬೆಳೆದು, ಅವರು ಊಟಮಾಡಲಾರದೆ ಹೋದರೆಂದು ಆ ಯಾತ್ರೆಯ ದಿನಚರಿಯಲ್ಲಿ ಬರೆದಿದೆ. ಅಂದಿನಿಂದ ಎರಡು ಮೂರು ಶತಮಾನಗಳ ಪರ್ಯಂತ ಹಡಗಿನ ಶಸ್ತ್ರವೈದ್ಯರು ಇಂಥ ವಸಡನ್ನು ಕೊಯ್ದು ಎಸೆಯುತ್ತಿದ್ದರು. ಅದು ಮತ್ತೆ ಬೆಳೆಯುತ್ತಿತ್ತು. ೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು ಕೆಲವು ರೋಗಿಗಳಿಗೆ ಕಿತ್ತಿಳೆ ನಿಂಬೆಗಳನ್ನು ತಿನ್ನಿಸಿ ನೋಡಿದಾಗ ಅವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಕೊರತೆಯಿದ್ದುದು ಆಹಾರದಲ್ಲಿ; ಕೊಯ್ಯುತ್ತಿದ್ದುದು ಬಾಯಲ್ಲಿ.

ಕ್ರಮಬದ್ಧವಾದ ಶಸ್ತ್ರಕ್ರಿಯೆಯನ್ನು ವಿವರಿಸಿದವರಲ್ಲಿ ರೊಬಿಚೆಕ್ ಮೊದಲಿಗನೆಂದು ಗ್ರಂಥಗಳು ಹೇಳುತ್ತವೆ, ಕಾಲ ೧೮೮೪. ಆತನು ವಸಡನ್ನು ನೇರವಾಗಿ ಗೆರೆ ಎಳೆದಂತೆ ಕತ್ತರಿಸಿ, ಒಳಗಿನ ಎಲುಬನ್ನೂ ಕೆರೆದು ತೆಗೆಯುತ್ತಿದ್ದನು. ಎಲುಬು ಕೊಳೆತಿದೆಯೆಂದು ಆಗಿನವರ ನಂಬಿಕೆ. ೧೯೩೫ರಲ್ಲಿ ಕ್ರೋನ್‌ಫೆಲ್ಡ್ ಎಂಬಾತನು ಎಲುಬು ಕೊಳೆತಿರುವುದಿಲ್ಲ, ಸುತ್ತಲಿನ ಉರಿಯೂತದಿಂದ ಕರಗಿರುತ್ತದೆ ಅಷ್ಟೆ ಎಂದು ತೋರಿಸಿದ ಮೇಲೆ ಎಷ್ಟೋ ಎಲುಬು ಉಳಿಯಿತು. ೧೯೫೦ರಲ್ಲಿ ಗೋಲ್ಡ್‌ಮನ್ ಎಂಬಾತನು, ರೋಗದ ಭಾಗವನ್ನು ತೆಗೆದರೆ ಸಾಲದು, ಉಳಿದ ವಸಡಿಗೆ ಅದರ ಸಹಜವಾದ ಇಳಿಜಾರನ್ನೂ ಕಮಾನನ್ನೂ ಕೊಡಬೇಕೆಂದು ವಾದಿಸಿದನು. ಕೊಯ್ಯುವವನು ಕೊಂಚ ಶಿಲ್ಪಿಯೂ ಆಗಬೇಕಾದುದು ಅಲ್ಲಿಂದೀಚೆಗೆ.

ಹಾಗಾದರೆ ಯಾವ ವಸಡನ್ನು ಕೊಯ್ಯಬೇಕು? ವೈದ್ಯರು ಮಿಲ್ಲಿಮೀಟರಿನ ಗೆರೆಗಳುಳ್ಳ ಮೊಂಡು ಕಡ್ಡಿಯೊಂದನ್ನು ವಸಡಿನ ಕಂದಕದಲ್ಲಿ ಮೆಲ್ಲನೆ ಇಳಿಸಿ ನೋಡುವುದನ್ನು ತಾವು ಕಂಡಿರಬಹುದು. ಒಂದರಿಂದ ಮೂರರವರೆಗೆ ಇಳಿದರೆ ಚಿಂತೆಯಿಲ್ಲ. ಐದೋ ಆರೋ ಇಳಿದರೆ ಅದಕ್ಕೆ ಎರಡು ಅರ್ಥಗಳುಂಟು. ಬಾವಿಯ ಆಳ ಹೆಚ್ಚುವುದು ಎರಡು ಬಗೆಯಲ್ಲಿ. ತಳವನ್ನು ತೋಡಿದರೂ ಹೆಚ್ಚುತ್ತದೆ, ಮೇಲಿನ ಕಟ್ಟೆಯನ್ನು ಎತ್ತರಿಸಿದರೂ ಹೆಚ್ಚುತ್ತದೆ. ಕಟ್ಟೆ ಎತ್ತರವಾದುದರಿಂದ, ಎಂದರೆ ವಸಡು ಮೇಲಕ್ಕೆ ಬೆಳೆದುದರಿಂದ ಆಳ ಬಂದಿದ್ದರೆ, ಕಟ್ಟೆಯನ್ನು ತಗ್ಗಿಸಿದರೆ ಕೆಲಸವಾಯಿತು. ತಳವೇ ಕುಸಿದು ಎಲುಬು ಕರಗಿದ್ದರೆ ಕಟ್ಟೆ ಕೀಳುವುದರಿಂದ ಬೇರು ಬೆತ್ತಲೆಯಾಗುವುದೇ ಹೊರತು ರೋಗ ಹೋಗುವುದಿಲ್ಲ. ಅಂಥಲ್ಲಿ ವಸಡನ್ನು ಪುಸ್ತಕದ ಹಾಳೆಯಂತೆ ಬಿಡಿಸಿ, ಒಳಗಿನ ಕೊಳೆಯನ್ನು ತೆಗೆದು, ಮತ್ತೆ ಹೊಲಿಯುವುದೇ ಸರಿಯಾದ ಮಾರ್ಗ. ಎರಡನ್ನೂ ವಿಂಗಡಿಸದೆ ಶಸ್ತ್ರವನ್ನು ಕೈಗೆತ್ತಿಕೊಳ್ಳುವವರ ಬಳಿಗೆ ಹೋಗದಿರುವುದೇ ಕ್ಷೇಮ.

ಕಟ್ಟೆ ಎತ್ತರವಾಗುವುದಕ್ಕೆ ಕಾರಣಗಳು ಹಲವು. ಬಹುಪಾಲು ಜನರಲ್ಲಿ ಹಲ್ಲಿನ ಬುಡದಲ್ಲಿ ಗಾರೆಯಂತೆ ಕಟ್ಟಿಕೊಂಡ ಕಿಟ್ಟವೇ ಮೂಲ. ಅದನ್ನು ಕೆರೆದು ತೆಗೆದು, ಸರಿಯಾಗಿ ಉಜ್ಜುವ ಕ್ರಮವನ್ನು ಕಲಿಸಿ, ನಾಲ್ಕಾರು ವಾರ ಕಾದು ನೋಡಿದರೆ ಊತವು ತಾನಾಗಿಯೇ ಇಳಿದು, ಶಸ್ತ್ರದ ಮಾತೇ ಏಳದಿರಬಹುದು. ಗರ್ಭಿಣಿಯರ ವಸಡಿನ ಊತವೂ ಬಹುಮಟ್ಟಿಗೆ ಹೆರಿಗೆಯ ಬಳಿಕ ತಗ್ಗುತ್ತದೆ. ಇದ್ದಕ್ಕಿದ್ದಂತೆ ವಸಡು ಊದಿ, ತಾನಾಗಿ ರಕ್ತ ಸೋರಿ, ಜ್ವರವೂ ನಿಶ್ಶಕ್ತಿಯೂ ಕೂಡಿಬಂದರೆ ಮಾತ್ರ ಮೊದಲು ರಕ್ತವನ್ನು ಪರೀಕ್ಷೆ ಮಾಡಿಸಬೇಕು. ರಕ್ತದ ಕ್ಯಾನ್ಸರು ತನ್ನ ಮೊದಲ ಗುರುತನ್ನು ಕೆಲವು ವೇಳೆ ವಸಡಿನಲ್ಲಿ ತೋರುವುದುಂಟು. ಅಂಥ ವಸಡಿಗೆ ಶಸ್ತ್ರ ತಗುಲಿಸಿದರೆ ರಕ್ತ ನಿಲ್ಲದೆ ಪ್ರಾಣಾಪಾಯವಾದೀತು.

ಎಲ್ಲಕ್ಕಿಂತಲೂ ಕರುಣಾಜನಕವಾದ ಬಗೆಯೆಂದರೆ ಔಷಧದಿಂದ ಬರುವ ಬೆಳವಣಿಗೆ. ೧೯೩೮ರಲ್ಲಿ ಮೆರಿಟ್, ಪಟ್ನಂ ಎಂಬ ಇಬ್ಬರು ವೈದ್ಯರು ಮೂರ್ಛೆರೋಗಕ್ಕೆ ಫೆನಿಟಾಯಿನ್ ಎಂಬ ಮದ್ದು ಗುಣಕಾರಿಯೆಂದು ಪ್ರಕಟಿಸಿದರು. ಲಕ್ಷಾಂತರ ಜನರ ಬಾಳನ್ನು ಅದು ಹಸನುಮಾಡಿತೆಂಬುದರಲ್ಲಿ ಸಂಶಯವಿಲ್ಲ. ಮರುವರ್ಷವೇ ಕಿಂಬಾಲ್ ಎಂಬಾತನು, ಆ ಮದ್ದನ್ನು ಸೇವಿಸುತ್ತಿದ್ದ ೧೧೯ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ವಸಡು ಬೆಳೆದಿದ್ದುದನ್ನು ವರದಿಮಾಡಿದನು. ಮೊದಲು ಹಲ್ಲುಗಳ ಸಂದಿಯಲ್ಲಿ ಮಣಿಯಂತೆ ಮೂಡಿ, ಮಣಿಗಳು ಒಂದಕ್ಕೊಂದು ಕೂಡಿ, ಕಡೆಗೆ ಹಲ್ಲನ್ನೇ ಮುಚ್ಚಿಬಿಡುವಷ್ಟಾಗುವುದುಂಟು. ರಕ್ತದ ಒತ್ತಡಕ್ಕೆ ಕೊಡುವ ನಿಫೆಡಿಪಿನ್, ಅಮ್ಲೋಡಿಪಿನ್ ಮುಂತಾದವುಗಳಿಂದಲೂ, ಬೇರೊಬ್ಬರ ಮೂತ್ರಪಿಂಡವನ್ನು ಕೂಡಿಸಿಕೊಂಡವರಿಗೆ ಕೊಡುವ ಸೈಕ್ಲೋಸ್ಪೊರಿನ್ನಿನಿಂದಲೂ ಇಂಥದೇ ಬೆಳವಣಿಗೆಯಾಗುತ್ತದೆ. ಮೂರ್ಛೆರೋಗದ ಮಗುವೊಂದು ತುಟಿ ಕೂಡಿಸಲಾರದೆ, ರೊಟ್ಟಿ ಕಚ್ಚಲಾರದೆ, ಶಾಲೆಯಲ್ಲಿ ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಮಾತನಾಡುವುದನ್ನು ಕಂಡವರಿಗೆ, ಈ ಶಸ್ತ್ರಕ್ರಿಯೆಯು ಸಿರಿವಂತರ ಶೃಂಗಾರವೆಂದು ಹೇಳಲು ನಾಲಗೆ ಬಾರದು.

ಇಂಥ ಮಕ್ಕಳ ತಂದೆತಾಯಿಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ವಸಡು ಬೆಳೆಯಿತೆಂದು ಮೂರ್ಛೆಯ ಮದ್ದನ್ನು ತಾವಾಗಿಯೇ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ಮೂರ್ಛೆಯ ಮೇಲೆ ಮೂರ್ಛೆ ಬಂದು ಜೀವಕ್ಕೇ ಎರವಾಗಬಹುದು. ಬೇರೆ ಮದ್ದಿಗೆ ಬದಲಾಯಿಸುವುದು ಸಾಧ್ಯವೇ ಎಂದು ಆ ಮದ್ದನ್ನು ಕೊಟ್ಟ ವೈದ್ಯರನ್ನೇ ಕೇಳಬೇಕು. ಹಲ್ಲಿನ ಮೇಲೆ ಕೊಳೆ ಹೆಚ್ಚಿದಷ್ಟೂ ಈ ಬೆಳವಣಿಗೆ ಹೆಚ್ಚುವುದಾದ್ದರಿಂದ ಬಾಯಿಯ ಶುಚಿಯಿಂದ ಅರ್ಧ ಯುದ್ಧವನ್ನು ಗೆದ್ದಂತೆ. ಆಮೇಲೂ ಉಳಿದದ್ದನ್ನು ಕೊಯ್ಯಬಹುದು. ಮದ್ದು ಮುಂದುವರಿದಲ್ಲಿ ಒಂದೆರಡು ವರ್ಷಗಳಲ್ಲಿ ಮತ್ತೆ ಬೆಳೆಯಬಹುದೆಂಬುದನ್ನೂ ಮೊದಲೇ ತಿಳಿಸಿಬಿಡುವುದು ವೈದ್ಯನ ಧರ್ಮ.

ಕೊಯ್ಯುವ ಕ್ರಮ ಸರಳವಾದುದು. ಮರಗಟ್ಟಿಸುವ ಮದ್ದನ್ನು ಸೂಜಿಯಿಂದ ಹಾಕಿದ ಮೇಲೆ ಪ್ರತಿ ಹಲ್ಲಿನ ಕಂದಕದ ಆಳವನ್ನು ಅಳೆದು, ಅಷ್ಟೇ ದೂರದಲ್ಲಿ ವಸಡಿನ ಹೊರಮೈ ಮೇಲೆ ಚುಚ್ಚಿ ರಕ್ತದ ಬೊಟ್ಟುಗಳನ್ನಿಡುತ್ತಾರೆ. ಈ ಬೊಟ್ಟುಗಳ ಸಾಲಿಗೆ ತುಸು ಕೆಳಗಿನಿಂದ, ಹಲ್ಲಿನ ಕಡೆಗೆ ಸುಮಾರು ೪೫ ಅಂಶಗಳ ಓರೆಯಲ್ಲಿ ಅಲಗು ಸಾಗುತ್ತದೆ. ಓರೆಯೇ ಇಲ್ಲಿಯ ಗುಟ್ಟು. ಅಡ್ಡಡ್ಡಲಾಗಿ ಕೊಯ್ದರೆ ಮೆಟ್ಟಿಲಿನಂಥ ದಪ್ಪ ಅಂಚು ಉಳಿದು ಆಹಾರವನ್ನು ತಡೆಯುತ್ತದೆ. ಬಳಿಕ ಸಣ್ಣ ಕತ್ತರಿಯಿಂದಲೋ ಉಜ್ಜುವ ಕಲ್ಲಿನಿಂದಲೋ ಕಮಾನುಗಳನ್ನು ತಿದ್ದಿ, ಬೇರನ್ನು ಶುದ್ಧಮಾಡಿ, ಗಾಯದ ಮೇಲೆ ಲೇಪದ ಪಟ್ಟಿಯನ್ನು ಒತ್ತುತ್ತಾರೆ. ಹಿಂದೆ ಈ ಲೇಪದಲ್ಲಿ ಲವಂಗದೆಣ್ಣೆಯ ಸಾರವಿರುತ್ತಿತ್ತು. ಈಗಿನ ಲೇಪಗಳಲ್ಲಿ ಹೆಚ್ಚಾಗಿ ಅದಿಲ್ಲ. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಗಾಯದ ಅಂಚಿನಿಂದ ಹೊಸ ಪೊರೆ ಹೊರಟು, ದಿನಕ್ಕೆ ಅರ್ಧ ಮಿಲ್ಲಿಮೀಟರಿನಷ್ಟು ನಡೆಯುತ್ತದೆ. ಒಂದೆರಡು ವಾರಗಳಲ್ಲಿ ಮೇಲ್ಮೈ ಮುಚ್ಚುತ್ತದೆ. ಒಳಗಿನ ನಾರು ಬಲಿಯಲು ಏಳು ವಾರಗಳವರೆಗೂ ಬೇಕು. ಈಗ ಲೇಸರ್ ಕಿರಣದಿಂದಲೂ ವಿದ್ಯುತ್ತಿನ ತಂತಿಯಿಂದಲೂ ಕೊಯ್ಯುವುದುಂಟು. ರಕ್ತ ಕಡಮೆ ಬರುತ್ತದೆಂಬುದು ನಿಜ. ಆದರೆ ವಿದ್ಯುತ್ತಿನ ತಂತಿ ಎಲುಬಿಗೆ ತಗುಲಿದರೆ ಎಲುಬು ಸುಟ್ಟು ಸಾಯುತ್ತದೆ. ಲೇಸರೆಂಬ ಹೆಸರನ್ನು ಕೇಳಿ ಮರುಳಾಗುವ ಜನರಿಗೆ, ಹಿಡಿದ ಆಯುಧಕ್ಕಿಂತ ಹಿಡಿದ ಕೈ ಮುಖ್ಯವೆಂದು ನಾವು ಮೇಲಿಂದ ಮೇಲೆ ಹೇಳಬೇಕಾಗಿ ಬರುತ್ತದೆ.

ಇನ್ನೊಂದು ಸಂದರ್ಭವಿದೆ. ಹಲ್ಲು ವಸಡಿನ ಮಟ್ಟಕ್ಕೆ ಮುರಿದು, ಬೇರು ಮಾತ್ರ ಗಟ್ಟಿಯಾಗಿ ಉಳಿದಿದ್ದರೆ, ಟೊಪ್ಪಿ ತೊಡಿಸಲು ಹಿಡಿತ ಸಿಕ್ಕದು. ಆಗ ವಸಡನ್ನೂ ಅದರಡಿಯ ಎಲುಬನ್ನೂ ಸ್ವಲ್ಪ ತಗ್ಗಿಸಿ ಹಲ್ಲನ್ನು ಉದ್ದಮಾಡಿಕೊಳ್ಳುತ್ತಾರೆ. ಎಲುಬನ್ನು ಮುಟ್ಟದೆ ವಸಡನ್ನು ಮಾತ್ರ ಕೊಯ್ದರೆ, ಹಿಂದೆ ಹೇಳಿದ ಎರಡು ಮಿಲ್ಲಿಮೀಟರಿನ ಹಕ್ಕನ್ನು ಸಾಧಿಸಲು ಅದು ಮತ್ತೆ ಬೆಳೆದು ಬರುತ್ತದೆ. ಟೊಪ್ಪಿಯ ಅಂಚಿಗೂ ಎಲುಬಿಗೂ ಕಡಮೆಯೆಂದರೆ ಮೂರು ಮಿಲ್ಲಿಮೀಟರ್ ಅಂತರವಿರುವಂತೆ ನೋಡಿಕೊಂಡು, ಹಿಂದಿನ ಹಲ್ಲಾದರೆ ಆರೆಂಟು ವಾರ, ಮುಂದಿನ ಹಲ್ಲಾದರೆ ಮೂರರಿಂದ ಆರು ತಿಂಗಳು ಕಾಯಬೇಕು. ಪಕ್ಕದ ಹಲ್ಲುಗಳೂ ಕೊಂಚ ಎಲುಬನ್ನು ತೆರಬೇಕಾಗುವುದರಿಂದ, ಬೇರು ಗಿಡ್ಡವಾಗಿರುವಲ್ಲಿ ಹಲ್ಲನ್ನು ಕಿತ್ತುಬಿಡುವುದೇ ಮೇಲೆಂಬುದು ನಮ್ಮ ಅಭಿಪ್ರಾಯ.

ವಸಡು ಬೆಳೆಯುವಂತೆಯೇ ಸವೆದು ಇಳಿಯುವುದೂ ಉಂಟು. ಇದ್ದಲು, ಇಟ್ಟಿಗೆಯ ಪುಡಿ, ಉಪ್ಪುಗಳಿಂದ ಬೆರಳಿಟ್ಟು ತಿಕ್ಕುವವರೂ, ಗಡುಸಾದ ಕುಂಚದಿಂದ ಅಡ್ಡಡ್ಡಲಾಗಿ ಉಜ್ಜುವವರೂ ವಸಡನ್ನು ತಾವೇ ಕೆತ್ತಿಹಾಕುತ್ತಾರೆ. ಇಂಥಲ್ಲಿ ಕೊಯ್ಯುವ ಬದಲು ಕಸಿ ಮಾಡಬೇಕು. ಅಂಗುಳಿನಿಂದ ಒಂದು, ಒಂದೂವರೆ ಮಿಲ್ಲಿಮೀಟರ್ ದಪ್ಪದ ತುಂಡನ್ನು ತೆಗೆದು ವಸಡಿಗೆ ಹೊಲಿಯುವ ಕ್ರಮ ೧೯೬೦ರ ದಶಕದಲ್ಲಿ ರೂಢಿಗೆ ಬಂದಿತು. ಹೊಸ ತುಂಡು ಅಂಗುಳಿನ ಬಣ್ಣವನ್ನೇ ಉಳಿಸಿಕೊಂಡು ಬಟ್ಟೆಗೆ ಹಾಕಿದ ತೇಪೆಯಂತೆ ಕಾಣುತ್ತಿದ್ದುದು ಅದರ ದೋಷ. ೧೯೮೫ರಲ್ಲಿ ಲ್ಯಾಂಗರ್ ದಂಪತಿಗಳು ಅಂಗುಳಿನ ಒಳಪದರವನ್ನಷ್ಟೇ ತೆಗೆದು ವಸಡಿನಡಿಯಲ್ಲಿ ಸೇರಿಸುವ ಕ್ರಮವನ್ನು ತೋರಿಸಿದ ಮೇಲೆ ಬಣ್ಣದ ಭೇದ ಬಹಳ ಕಡಮೆಯಾಯಿತು. ಹಲ್ಲುಗಳ ಸಂದಿಯ ಎಲುಬು ಉಳಿದಿದ್ದರೆ ಬೇರು ಪೂರ್ತಿಯಾಗಿ ಮುಚ್ಚಿಕೊಳ್ಳುವ ಆಸೆಯುಂಟು. ಅದು ಹೋಗಿದ್ದರೆ ಆ ಆಸೆಯನ್ನು ಯಾರೂ ಹುಟ್ಟಿಸಬಾರದು.

ಈಗ ಅಂದದ ಮಾತಿಗೆ ಬರೋಣ. ನಕ್ಕಾಗ ವಸಡು ಹೆಚ್ಚಾಗಿ ಕಾಣುತ್ತದೆಂದು ಸಂಕೋಚಪಟ್ಟು ನಗುವುದನ್ನೇ ಬಿಟ್ಟ ತರುಣಿಯರು ಇದ್ದಾರೆ. ಮೂರು ನಾಲ್ಕು ಮಿಲ್ಲಿಮೀಟರಿಗಿಂತ ಹೆಚ್ಚು ಕಂಡರೆ ಅದನ್ನು ಅತಿಯೆನ್ನುವುದು ರೂಢಿ. ಆದರೆ ಕಾರಣ ಒಂದೇ ಅಲ್ಲ. ಹಲ್ಲು ಹುಟ್ಟಿದ ಮೇಲೆ ವಸಡು ಹಿಂದೆ ಸರಿಯದೆ ಉಳಿದು, ಹಲ್ಲು ಗಿಡ್ಡವಾಗಿಯೂ ಚೌಕವಾಗಿಯೂ ಕಾಣುವುದಾದರೆ ಶಸ್ತ್ರಕ್ರಿಯೆಯಿಂದ ಒಳ್ಳೆಯ ಫಲವುಂಟು. ಆಗಲೂ ನಡುವಣ ಎರಡು ಬಾಚಿಹಲ್ಲುಗಳ ಅಂಚನ್ನು ಕೋರೆಹಲ್ಲಿನ ಮಟ್ಟಕ್ಕೆ ತಂದು, ಅವುಗಳ ಪಕ್ಕದ ಹಲ್ಲುಗಳ ಅಂಚನ್ನು ಒಂದು ಮಿಲ್ಲಿಮೀಟರಿನಷ್ಟು ಕೆಳಗೆ ಬಿಟ್ಟರೇ ಸಹಜತೆ ಬರುವುದು. ಮೇಲ್ದವಡೆಯೇ ಉದ್ದವಾಗಿದ್ದರೆ ವಸಡನ್ನು ಎಷ್ಟು ಕೊಯ್ದರೂ ಹಲ್ಲು ಕುದುರೆಯದರಂತೆ ನೀಳವಾಗುವುದೇ ಹೊರತು ವಸಡು ಮರೆಯಾಗದು. ಅದಕ್ಕೆ ದವಡೆಯ ಶಸ್ತ್ರಕ್ರಿಯೆಯೇ ಬೇರೆ. ಮೇಲ್ದುಟಿ ಅತಿಯಾಗಿ ಏರುವುದೇ ಕಾರಣವಾದರೆ ವಸಡಿನದೇನೂ ತಪ್ಪಿಲ್ಲ. ಹದಿನೆಂಟು ಇಪ್ಪತ್ತು ವರ್ಷಗಳ ಒಳಗಿನವರಿಗೆ ನಾವು ಕಾಯಿರೆಂದೇ ಹೇಳುತ್ತೇವೆ, ಏಕೆಂದರೆ ಅಲ್ಲಿಯವರೆಗೂ ವಸಡು ತಾನಾಗಿ ಸರಿಯುತ್ತಿರುತ್ತದೆ. ವಯಸ್ಸಾದಂತೆ ಮೇಲ್ದುಟಿ ತುಸು ಇಳಿಯುವುದರಿಂದ, ಇಪ್ಪತ್ತರಲ್ಲಿ ಕಂಡ ವಸಡು ಐವತ್ತರಲ್ಲಿ ಅಷ್ಟಾಗಿ ಕಾಣುವುದೂ ಇಲ್ಲ.

ಕಡೆಯದಾಗಿ, ನಮ್ಮ ಜನರು ಮೇಲಿಂದ ಮೇಲೆ ಕೇಳುವ ಪ್ರಶ್ನೆ, ವಸಡಿನ ಕಪ್ಪು. ಮದುವೆಯ ಮಾತು ಬಂದ ಮನೆಗಳಲ್ಲಿ ಇದೂ ಒಂದು ಕೊರತೆಯಾಗಿ ಎಣಿಕೆಗೆ ಬರುತ್ತಿದೆ. ಹಿಂದೆ ಮಿಸ್ಸಿ ಹಚ್ಚಿ ಹಲ್ಲನ್ನೂ ವಸಡನ್ನೂ ಕಪ್ಪಾಗಿಸಿಕೊಳ್ಳುವುದೇ ಕೆಲವು ಮನೆತನಗಳ ಹೆಂಗಸರಿಗೆ ಅಲಂಕಾರವಾಗಿತ್ತೆಂಬುದನ್ನು ನೆನೆದರೆ ಕಾಲದ ಮಹಿಮೆಗೆ ನಗು ಬರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕಣಗಳೇ ವಸಡಿಗೂ ಬಣ್ಣ ಕೊಡುತ್ತವೆ. ಬಿಳಿಯರಲ್ಲಿಯೂ ನಮ್ಮಲ್ಲಿಯೂ ಆ ಕಣಗಳ ಸಂಖ್ಯೆ ಹೆಚ್ಚುಕಡಮೆ ಒಂದೇ. ಅವು ಕೆಲಸಮಾಡುವ ಪ್ರಮಾಣ ಬೇರೆ. ಎರಡು ಕಡೆಗಳಲ್ಲಿಯೂ ಸಮನಾಗಿ, ಚಿಕ್ಕಂದಿನಿಂದಲೂ ಇರುವ ಕಪ್ಪು ರೋಗವಲ್ಲ, ರೋಗದ ಗುರುತೂ ಅಲ್ಲ. ಹೊಸದಾಗಿ ಒಂದೇ ಕಡೆ ಮೂಡಿ ಬೆಳೆಯುತ್ತಿರುವ ಮಚ್ಚೆಯಾದರೆ ತಡಮಾಡದೆ ತೋರಿಸಬೇಕು. ಹಲ್ಲಿನ ಬುಡದುದ್ದಕ್ಕೂ ನೀಲಿಗಪ್ಪು ಗೆರೆಯೊಂದು ಕಂಡರೆ ಸೀಸದ ವಿಷವಿರಬಹುದೆಂದು ೧೮೪೦ರಲ್ಲಿಯೇ ಬರ್ಟನ್ ಎಂಬ ವೈದ್ಯನು ತೋರಿಸಿಕೊಟ್ಟಿದ್ದಾನೆ. ಸೀಸದ ಕಾರ್ಖಾನೆಗಳಲ್ಲಿ ದುಡಿಯುವವರು ಇದನ್ನು ನೆನಪಿಡಬೇಕು.

ಹೀಗಿದ್ದರೂ ತಿಳಿಬಣ್ಣವೇ ಬೇಕೆನ್ನುವವರಿಗೆ, ವಸಡಿನ ಮೇಲ್ಪೊರೆಯನ್ನು ಅಲಗಿನಿಂದ ಹೆರೆದೋ, ಲೇಸರಿನಿಂದ ಸುಟ್ಟೋ ತೆಗೆಯುವ ಕ್ರಮವುಂಟು. ೧೯೫೮ರಲ್ಲಿ ಪ್ರಾರಂಭವಾದ ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜೇ ಮೊದಲಾಗಿ ನಮ್ಮ ನಾಡಿನ ದಂತವೈದ್ಯ ಕಾಲೇಜುಗಳಲ್ಲಿ ವಸಡಿನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗಗಳಿದ್ದು, ಅಲ್ಲಿಯ ತಜ್ಞರನ್ನು ಕೇಳಿ ಮುಂದುವರಿಯಬಹುದು. ವಸಡು ತೆಳುವಾಗಿದ್ದರೆ ಹೆರೆಯುವಾಗ ಬೇರು ಹೊರಬೀಳುವ ಭಯವಿದೆಯೆಂಬುದನ್ನು ಅವರು ಹೇಳುತ್ತಾರೆ. ಹೊಸ ಪೊರೆ ಮೊದಲು ನಸುಗೆಂಪಾಗಿ ಬರುತ್ತದೆ. ಸುತ್ತಲಿನ ಕಣಗಳು ಮೆಲ್ಲಮೆಲ್ಲನೆ ಅದರೊಳಕ್ಕೆ ನಡೆದುಬಂದು, ಕೆಲವರಲ್ಲಿ ಕೆಲವೇ ತಿಂಗಳುಗಳಲ್ಲಿ, ಕೆಲವರಲ್ಲಿ ಕೆಲವು ವರ್ಷಗಳಲ್ಲಿ, ಮೊದಲಿನ ಬಣ್ಣವನ್ನು ಮತ್ತೆ ಹರಡುತ್ತವೆ. ತಂಬಾಕಿನ ಹೊಗೆಯೂ ಈ ಕಣಗಳನ್ನು ಕೆರಳಿಸುವುದರಿಂದ, ಬೀಡಿ ಸಿಗರೇಟುಗಳನ್ನು ಬಿಡದವರು ಇದಕ್ಕಾಗಿ ಹಣ ತೆರುವ ಮೊದಲು ಆ ಬಣ್ಣ ಬೇಗನೆ ಮರಳಿ ಬರಬಹುದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.